ಶ್ವೇತಕುಬ್ಜಗಳ ಸುತ್ತ ದೈತ್ಯ ಗ್ರಹ ಹುಡುಕುವುದು ಹೇಗೆ: ಕಾಸರಗೋಡಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಡ್ರೇಕೊ ನಕ್ಷತ್ರಪುಂಜದಲ್ಲಿ, ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿ, ಡಬ್ಲ್ಯುಡಿ 1856+534 ಎಂಬ ಶ್ವೇತಕುಬ್ಜವಿದೆ, ಅಂದರೆ ಸತ್ತ ನಕ್ಷತ್ರ. 34 ಗಂಟೆಗೊಮ್ಮೆ ಅದರ ಬೆಳಕು ಅರ್ಧಕ್ಕಿಂತ ಹೆಚ್ಚು ಕುಗ್ಗುತ್ತದೆ, ಎಂಟೇ ನಿಮಿಷದಲ್ಲಿ ಮೊದಲಿನಂತಾಗುತ್ತದೆ. ಗುರುಗ್ರಹದಷ್ಟು ದೊಡ್ಡ ಗ್ರಹವೊಂದು ಅದರ ಮುಂದೆ ಹಾದುಹೋಗುವುದೇ ಇದಕ್ಕೆ ಕಾರಣ ಎಂದು 2020ರ ಸೆಪ್ಟೆಂಬರಿನಲ್ಲಿ ಆಂಡ್ರ್ಯೂ ವ್ಯಾಂಡರ್‌ಬರ್ಗ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದನ್ನು ಮೊದಲು ಹಿಡಿದ, ಗ್ರಹ ಹುಡುಕುವ ನಾಸಾದ ಟೆಸ್ ಉಪಗ್ರಹದ ದತ್ತಾಂಶ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿದೆ. ಪೈವಳಿಕೆಯಲ್ಲೋ ಮುಳ್ಳೇರಿಯದಲ್ಲೋ ಕುಳಿತು ಒಂದು ಹಳೆಯ ಲ್ಯಾಪ್‌ಟಾಪ್‌ನಲ್ಲಿ ಆ ಕುಸಿತವನ್ನು ನೀವೇ ಕಾಣಬಹುದು. ಅಷ್ಟಕ್ಕೇ ನಿಲ್ಲಬೇಕಿಲ್ಲ, ಯಾರೂ ಸರಿಯಾಗಿ ನೋಡದ ಶ್ವೇತಕುಬ್ಜಗಳನ್ನೂ ಒಂದೊಂದಾಗಿ ಜಾಲಾಡಬಹುದು.

ಇಲ್ಲಿನ ಕಾಲೇಜು ವಿದ್ಯಾರ್ಥಿಗಳನ್ನು, ಕನ್ನಡ ಮಾಧ್ಯಮ ಶಾಲೆಗಳ ವಿಜ್ಞಾನ ಅಧ್ಯಾಪಕರನ್ನು, ಆಕಾಶದ ಹುಚ್ಚಿರುವ ಯಾರನ್ನಾದರೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹತ್ತನೆಯ ತರಗತಿಯ ಗಣಿತ, ಸ್ವಲ್ಪ ಪೈಥಾನ್, ಬಹಳಷ್ಟು ತಾಳ್ಮೆ ಇದ್ದರೆ ಸಾಕು. ದೂರದರ್ಶಕ ಇಲ್ಲದಿದ್ದರೂ ಐದು ಹೆಜ್ಜೆಯವರೆಗೆ ತಡೆಯಿಲ್ಲ.

ಮೊದಲು ಗಾತ್ರದ ಲೆಕ್ಕ

ಸೂರ್ಯನಂಥ ನಕ್ಷತ್ರ ತನ್ನ ಇಂಧನ ಮುಗಿಸಿ, ಕೆಂಪು ದೈತ್ಯವಾಗಿ ಉಬ್ಬಿ, ಹೊರಪದರಗಳನ್ನು ಕಳಚಿಕೊಂಡ ಮೇಲೆ ಉಳಿಯುವ ತಿರುಳೇ ಶ್ವೇತಕುಬ್ಜ. ತೂಕ ಸೂರ್ಯನ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಇರುತ್ತದೆ, ಗಾತ್ರ ಮಾತ್ರ ಹೆಚ್ಚುಕಡಿಮೆ ಭೂಮಿಯಷ್ಟು. ಸೂರ್ಯನ 1.4 ಪಟ್ಟಿಗಿಂತ ಹೆಚ್ಚಿನ ತೂಕವನ್ನು ಇಂಥ ಕಾಯ ತಾಳಲಾರದು ಎಂಬ ಮಿತಿಯನ್ನು ಕಂಡುಕೊಂಡವರು ಸುಬ್ರಹ್ಮಣ್ಯನ್ ಚಂದ್ರಶೇಖರ್.

ಗುರುಗ್ರಹದ ಅಡ್ಡಳತೆ ಭೂಮಿಯ 11 ಪಟ್ಟು. ಅದು ಸೂರ್ಯನ ಮುಂದೆ ಹಾದರೆ ಬೆಳಕು ಶೇಕಡ 1ರಷ್ಟು ಕುಗ್ಗುತ್ತದೆ. ಅದೇ ಗ್ರಹ ಶ್ವೇತಕುಬ್ಜದ ಮುಂದೆ ನೇರವಾಗಿ ಬಂದರೆ ನಕ್ಷತ್ರವನ್ನೇ ಪೂರ್ತಿ ಮುಚ್ಚಿಬಿಡುತ್ತದೆ. ಡಬ್ಲ್ಯುಡಿ 1856ರ ಗ್ರಹ ತನ್ನ ನಕ್ಷತ್ರಕ್ಕಿಂತ ಏಳು ಪಟ್ಟು ಅಗಲವಾಗಿದ್ದೂ ಮುಚ್ಚುವುದು ಸುಮಾರು ಶೇಕಡ 56ನ್ನು ಮಾತ್ರ, ಏಕೆಂದರೆ ಅದು ಅಂಚು ಸವರಿಕೊಂಡು ಹೋಗುತ್ತದೆ. ಹಾಗಾಗಿ ಸೂಕ್ಷ್ಮವಾದ ಅಳತೆ ಇಲ್ಲಿ ಬೇಕಾಗಿಲ್ಲ. ಸರಿಯಾದ ಎಂಟು ನಿಮಿಷ ಕಣ್ಣು ತೆರೆದಿರಬೇಕು, ಕಷ್ಟವೆಲ್ಲ ಅದರಲ್ಲೇ.

ಇನ್ನೊಂದು ಕಷ್ಟ ಕೋನದ್ದು. ಗ್ರಹದ ಪಥ ನಮ್ಮ ದೃಷ್ಟಿಯ ನೇರಕ್ಕೆ ಇದ್ದರೆ ಮಾತ್ರ ಸಂಕ್ರಮಣ, ಅಂದರೆ ಗ್ರಹ ನಕ್ಷತ್ರದ ಮುಂದೆ ಹಾಯುವುದು, ಕಾಣುತ್ತದೆ. ಗ್ರಹ ಮತ್ತು ನಕ್ಷತ್ರದ ತ್ರಿಜ್ಯಗಳನ್ನು ಕೂಡಿಸಿ ಪಥದ ತ್ರಿಜ್ಯದಿಂದ ಭಾಗಿಸಿದರೆ ಆ ಸಂಭವ ಸಿಗುತ್ತದೆ. ಡಬ್ಲ್ಯುಡಿ 1856ರಲ್ಲಿ ತ್ರಿಜ್ಯಗಳ ಮೊತ್ತ ಸುಮಾರು 75,000 ಕಿಲೋಮೀಟರ್, ಪಥದ ತ್ರಿಜ್ಯ ಸುಮಾರು 30 ಲಕ್ಷ ಕಿಲೋಮೀಟರ್. ಅಂದರೆ 40ರಲ್ಲಿ ಒಂದು. ಇಂಥದೇ ಗ್ರಹವಿರುವ 40 ಶ್ವೇತಕುಬ್ಜಗಳಿದ್ದರೆ ಒಂದರಲ್ಲಿ ಮಾತ್ರ ನಮಗೆ ಕುಸಿತ ಕಂಡೀತು, ಮತ್ತು ಇಂಥ ಗ್ರಹವಿರುವ ಶ್ವೇತಕುಬ್ಜಗಳೇ ಅಪರೂಪ. ಕೆಪ್ಲರ್‌ನ ಕೆ2 ದತ್ತಾಂಶದಲ್ಲಿ ಸಾವಿರಕ್ಕೂ ಹೆಚ್ಚು ಶ್ವೇತಕುಬ್ಜಗಳನ್ನು ಶೋಧಿಸಿದಾಗಲೂ ಒಂದು ದೈತ್ಯ ಗ್ರಹದ ಸಂಕ್ರಮಣವೂ ಸಿಗಲಿಲ್ಲ. ಬರಿಗೈಯಲ್ಲಿ ಮರಳುವುದು ಈ ಕೆಲಸದಲ್ಲಿ ಸಾಮಾನ್ಯ. ಆದರೆ ಕ್ರಮಬದ್ಧವಾಗಿ ಹುಡುಕಿ ‘ಇಲ್ಲ’ ಎಂದು ಹೇಳಿದರೆ ಅದಕ್ಕೂ ಬೆಲೆಯಿದೆ. ಅದು ಹೇಗೆಂದು ಮೂರನೆಯ ಹೆಜ್ಜೆಯಲ್ಲಿ ಹೇಳುತ್ತೇನೆ.

ಹತ್ತಿರದ ಪಥಗಳಲ್ಲಿ ಗ್ರಹ ಅಪರೂಪವಾಗಲು ಕಾರಣ ಸ್ಪಷ್ಟ. ನಕ್ಷತ್ರ ಕೆಂಪು ದೈತ್ಯವಾಗಿದ್ದಾಗ ಹತ್ತಿರ ಇದ್ದದ್ದನ್ನೆಲ್ಲ ನುಂಗಿರುತ್ತದೆ. ಡಬ್ಲ್ಯುಡಿ 1856ರ ಗ್ರಹ ಆಗ ದೂರದಲ್ಲಿದ್ದು, ಆಮೇಲೆ ಒಳಗೆ ಸರಿದು ಬಂದಿರಬೇಕು. ಅದೇ ವ್ಯವಸ್ಥೆಗೆ ಸೇರಿದ ಎರಡು ಕೆಂಪು ಕುಬ್ಜಗಳ, ಅಂದರೆ ಸೂರ್ಯನಿಗಿಂತ ಪುಟ್ಟ, ತಂಪಾದ ನಕ್ಷತ್ರಗಳ ಎಳೆತವೇ ಅದನ್ನು ಒಳಕ್ಕೆ ತಳ್ಳಿತೆಂಬುದು ಒಂದು ವಾದ. ಸಾಯುತ್ತಿದ್ದ ನಕ್ಷತ್ರದ ಹೊದಿಕೆಯೊಳಗೇ ಸುತ್ತುತ್ತ ಅದನ್ನು ಹರಿದುಹಾಕಿ ಉಳಿದುಕೊಂಡಿತೆಂಬುದು ಇನ್ನೊಂದು. ಗುರುವಿನ ಹಾಗೆ ದೂರದಲ್ಲೇ ಉಳಿದ ಗ್ರಹಗಳ ಪಥವಾದರೋ ನಕ್ಷತ್ರದ ತೂಕ ಇಳಿದಂತೆ ಹಿಗ್ಗುತ್ತದೆ. ಅವುಗಳ ಸಂಕ್ರಮಣಕ್ಕೆ ಕಾಯುವುದು ವ್ಯರ್ಥ, ಅವಕ್ಕೆ ಬೇರೆ ದಾರಿ ಬೇಕು.

ವರ್ಷವನ್ನು ಎರಡು ಭಾಗ ಮಾಡಿಕೊಳ್ಳಿ

ಕಾಸರಗೋಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವನ್ನು ಮರೆತುಬಿಡಿ. ಅಕ್ಟೋಬರಿನಲ್ಲೂ ಸಂಜೆಯ ಗುಡುಗು ಮಳೆ ಬಿಡುವುದಿಲ್ಲ. ಆಟಿ, ಸೋಣ ತಿಂಗಳುಗಳ ಜಡಿಮಳೆ ಕಂಪ್ಯೂಟರ್ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಪಟ್ಟಿ ಮಾಡುವುದು, ದತ್ತಾಂಶ ಇಳಿಸುವುದು, ಕುಸಿತ ಹುಡುಕುವುದು ಎಲ್ಲ ಆಗ ನಡೆಯಲಿ. ಯಕ್ಷಗಾನ ಮೇಳಗಳು ತಿರುಗಾಟ ಹೊರಡುವ ಹೊತ್ತಿಗೆ ದೂರದರ್ಶಕ ಹೊರತೆಗೆದರೆ, ಪತ್ತನಾಜೆಗೆ ಅವರು ಗೆಜ್ಜೆ ಬಿಚ್ಚುವ ಹೊತ್ತಿಗೆ ಒಳಗಿಡಬಹುದು. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಆಕಾಶವಂತೂ ಚಿನ್ನ.

ಹೆಜ್ಜೆ 1: ಪಟ್ಟಿ

ಯುರೋಪಿನ ಗಾಯಾ ಉಪಗ್ರಹದ ಅಳತೆಗಳಿಂದ 2021ರಲ್ಲಿ ಶ್ವೇತಕುಬ್ಜಗಳ ದೊಡ್ಡ ಪಟ್ಟಿಯೊಂದು ಹೊರಬಂತು. ಅದರಲ್ಲಿ ಖಚಿತವೆನ್ನಬಹುದಾದವು ಸುಮಾರು 3,59,000. ಫ್ರಾನ್ಸಿನ ವಿಝಿಯರ್ ದತ್ತಾಂಶ ಭಂಡಾರದಿಂದ ಇದನ್ನು ಉಚಿತವಾಗಿ ಪಡೆಯಬಹುದು. ತೆರೆದು ನೋಡಲು, ಸೋಸಲು ಟಾಪ್‌ಕ್ಯಾಟ್ ಎಂಬ ಉಚಿತ ತಂತ್ರಾಂಶ ಸಾಕು.

ಎಲ್ಲವನ್ನೂ ನೋಡಲು ಹೋಗಬೇಡಿ. ಮೊದಲು ದೂರದಿಂದ ಸೋಸಿ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನವೇ ಪ್ಯಾರಲ್ಯಾಕ್ಸ್, ಹತ್ತಿರದ್ದಕ್ಕೆ ಅದು ಹೆಚ್ಚು): ಪ್ಯಾರಲ್ಯಾಕ್ಸ್ 10 ಮಿಲಿಆರ್ಕ್‌ಸೆಕೆಂಡ್‌ಗಿಂತ ಹೆಚ್ಚಿದ್ದರೆ ಆ ನಕ್ಷತ್ರ 326 ಜ್ಯೋತಿರ್ವರ್ಷದ ಒಳಗಿದೆ. ಆಮೇಲೆ ಕಾಂತಿಮಾನದಿಂದ (ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು): 17ಕ್ಕಿಂತ ಮಸುಕಾದವನ್ನು ಟೆಸ್ ಹಿಡಿಯುವುದೂ ಕಷ್ಟ, ನಮ್ಮ ದೂರದರ್ಶಕಕ್ಕೂ ಕಷ್ಟ. ಶ್ವೇತಕುಬ್ಜವಾಗಿರುವ ಸಂಭವವನ್ನು ಹೇಳುವ ಅಂಕಣವೊಂದು ಆ ಪಟ್ಟಿಯಲ್ಲೇ ಇದೆ, 0.75ಕ್ಕಿಂತ ಹೆಚ್ಚಿರುವುದನ್ನು ಇಟ್ಟುಕೊಳ್ಳಿ.

ಸೋಸಿದ ಮೇಲೆ ಕೆಲವನ್ನಾದರೂ ಕೈಯಲ್ಲೇ ಪರೀಕ್ಷಿಸಿ. ಗಾಯಾ ಕಾಂತಿಮಾನಕ್ಕೆ, ಮಿಲಿಆರ್ಕ್‌ಸೆಕೆಂಡ್‌ನಲ್ಲಿರುವ ಪ್ಯಾರಲ್ಯಾಕ್ಸ್‌ನ ಲಾಗರಿದಮ್ಮನ್ನು ಐದರಿಂದ ಗುಣಿಸಿ ಕೂಡಿಸಿ, ಹತ್ತು ಕಳೆಯಿರಿ. ಬರುವುದು ನಿಜವಾದ ಕಾಂತಿಮಾನ. ಡಬ್ಲ್ಯುಡಿ 1856ಕ್ಕೆ ಕಾಂತಿಮಾನ 17, ಪ್ಯಾರಲ್ಯಾಕ್ಸ್ ಸುಮಾರು 40. ಲೆಕ್ಕ ಹಾಕಿದರೆ 15 ಬರುತ್ತದೆ. ಸೂರ್ಯನದ್ದು ಸುಮಾರು 5. ಹತ್ತು ಕಾಂತಿಮಾನದ ಅಂತರವೆಂದರೆ ಹತ್ತು ಸಾವಿರ ಪಟ್ಟು ಮಂಕು. ಈ ಲೆಕ್ಕ ಒಮ್ಮೆ ಕೈಗೆ ಹತ್ತಿದರೆ ಪಟ್ಟಿಯೊಳಗೆ ನುಸುಳಿದ ಸುಳ್ಳು ಶ್ವೇತಕುಬ್ಜಗಳನ್ನು ಕಣ್ಣಲ್ಲೇ ಗುರುತಿಸುತ್ತೀರಿ.

ಹೆಜ್ಜೆ 2: ಟೆಸ್‌ನ ಬೆಳಕು ಇಳಿಸುವುದು

ಟೆಸ್ 2018ರ ಏಪ್ರಿಲ್‌ನಲ್ಲಿ ಹಾರಿತು. ಆಕಾಶವನ್ನು ಸೆಕ್ಟರ್‌ಗಳೆಂಬ ಭಾಗ ಮಾಡಿ ಒಂದೊಂದು ಭಾಗವನ್ನು ಸುಮಾರು 27 ದಿನ ದಿಟ್ಟಿಸುತ್ತದೆ. ಆಯ್ದ ನಕ್ಷತ್ರಗಳನ್ನು 2 ನಿಮಿಷಕ್ಕೊಮ್ಮೆ, 2020ರ ನಂತರ ಕೆಲವನ್ನು 20 ಸೆಕೆಂಡ್‌ಗೊಮ್ಮೆ ದಾಖಲಿಸಿದೆ. ಉಳಿದದ್ದೆಲ್ಲ ಪೂರ್ತಿ ಚಿತ್ರಗಳಲ್ಲಿ ಸಿಗುತ್ತದೆ. ಅವು ಮೊದಲ ಎರಡು ವರ್ಷ 30 ನಿಮಿಷಕ್ಕೊಂದು, ಆಮೇಲೆ 10 ನಿಮಿಷಕ್ಕೊಂದು, ಈಗ 200 ಸೆಕೆಂಡ್‌ಗೊಂದು. ಎಂಟು ನಿಮಿಷದ ಕುಸಿತ 30 ನಿಮಿಷದ ಚಿತ್ರದಲ್ಲಿ ಕರಗಿಹೋಗುತ್ತದೆ. ಆದ್ದರಿಂದ 20 ಅಥವಾ 120 ಸೆಕೆಂಡಿನ ದತ್ತಾಂಶ ಇರುವ ನಕ್ಷತ್ರಗಳಿಂದಲೇ ಶುರುಮಾಡಿ.

ಸಾಧನ: ಲೈಟ್‌ಕರ್ವ್ ಎಂಬ ಉಚಿತ ಪೈಥಾನ್ ಪೊಟ್ಟಣ. ಅದನ್ನು ಗೂಗಲ್ ಕೊಲ್ಯಾಬ್‌ನಲ್ಲಿ ಓಡಿಸಿದರೆ ದತ್ತಾಂಶ ನಿಮ್ಮ ಮನೆಗೆ ಇಳಿಯುವುದೇ ಇಲ್ಲ, ಅಲ್ಲಿಯ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ಗಳಿಗೆಗೊಮ್ಮೆ ಕರೆಂಟೂ ನೆಟ್ಟೂ ಹೋಗುವ ನಮ್ಮ ಹಳ್ಳಿಗಳಿಗೆ ಇದು ದೊಡ್ಡ ಅನುಕೂಲ. ಫಲಿತಾಂಶವನ್ನು ಆಗಾಗ ಡ್ರೈವ್‌ಗೆ ಉಳಿಸುವ ಸಾಲೊಂದನ್ನು ಮಾತ್ರ ಮರೆಯದೆ ಸೇರಿಸಿ.

ಮೊದಲ ಅಭ್ಯಾಸ ಡಬ್ಲ್ಯುಡಿ 1856ರ ಮೇಲೇ ಆಗಲಿ. ಟೆಸ್ ಪಟ್ಟಿಯಲ್ಲಿ ಅದರ ಸಂಖ್ಯೆ ಟಿಐಸಿ 267574918. ಉತ್ತರ ಗೊತ್ತಿರುವ ಲೆಕ್ಕ ಬಿಡಿಸಿ ಕೈ ಪಳಗಿದ ಮೇಲೆ ಗೊತ್ತಿಲ್ಲದ್ದಕ್ಕೆ ಹೋಗಬೇಕು.

ಇಲ್ಲಿ ಒಂದು ಎಚ್ಚರಿಕೆ, ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನಿಡಿ. ಸಾಮಾನ್ಯ ನಕ್ಷತ್ರಗಳಿಗೆಂದು ಬರೆದ ಪಾಠಗಳಲ್ಲೆಲ್ಲ ‘ದತ್ತಾಂಶ ಶುಚಿ ಮಾಡಿ, ಸರಾಸರಿಯಿಂದ ಬಹಳ ದೂರ ಹೋದ ಬಿಂದುಗಳನ್ನು ತೆಗೆದುಹಾಕಿ’ ಎಂದಿರುತ್ತದೆ. ಶ್ವೇತಕುಬ್ಜಕ್ಕೆ ಹಾಗೆ ಮಾಡಿದರೆ ತೆಗೆದುಹಾಕುವುದು ಗ್ರಹವನ್ನೇ. ಶೇಕಡ 56ರ ಕುಸಿತ ಯಂತ್ರದ ಕಣ್ಣಿಗೆ ಕಸದಂತೆಯೇ ಕಾಣುತ್ತದೆ. ಲೈಟ್‌ಕರ್ವ್‌ನ ರಿಮೂವ್ ಔಟ್‌ಲೈಯರ್ಸ್ ಆಜ್ಞೆಯಲ್ಲಿ ಮೇಲಿನ ಮಿತಿ, ಕೆಳಗಿನ ಮಿತಿ ಎರಡನ್ನೂ ಬೇರೆಬೇರೆಯಾಗಿ ಕೊಡಬಹುದು. ಮೇಲಕ್ಕೆ ಚಿಮ್ಮಿದ ಬಿಂದುಗಳನ್ನು ಕತ್ತರಿಸಿ. ಕೆಳಗಿನ ಮಿತಿಯನ್ನು ಅನಂತವೆಂದು ಕೊಟ್ಟು, ಕೆಳಕ್ಕೆ ಬಿದ್ದ ಪ್ರತಿಯೊಂದು ಬಿಂದುವನ್ನೂ ಉಳಿಸಿಕೊಳ್ಳಿ.

ಟೆಸ್‌ನ ಒಂದು ಪಿಕ್ಸೆಲ್ 21 ಆರ್ಕ್‌ಸೆಕೆಂಡ್ ಅಗಲ. ಅಷ್ಟು ಜಾಗದಲ್ಲಿ ಶ್ವೇತಕುಬ್ಜದ ಜೊತೆ ಪಕ್ಕದ ಪ್ರಕಾಶಮಾನ ನಕ್ಷತ್ರದ ಬೆಳಕೂ ಬೆರೆತುಬಿಡುತ್ತದೆ. ಕಡತದ ತಲೆಭಾಗದಲ್ಲಿ ಕ್ರೌಡ್‌ಸ್ಯಾಪ್ ಎಂಬ ಸಂಖ್ಯೆ ಇರುತ್ತದೆ, ಒಟ್ಟು ಬೆಳಕಿನಲ್ಲಿ ನಿಮ್ಮ ನಕ್ಷತ್ರದ ಪಾಲು ಎಷ್ಟೆಂದು ಅದು ಹೇಳುತ್ತದೆ. 0.2 ಎಂದಿದ್ದರೆ, ನಕ್ಷತ್ರ ಪೂರ್ತಿ ಮರೆಯಾದರೂ ಕಚ್ಚಾ ದತ್ತಾಂಶದಲ್ಲಿ ಕಾಣುವ ಕುಸಿತ ಶೇಕಡ 20 ಮಾತ್ರ. ಪಕ್ಕದ ಬೆಳಕನ್ನು ಕಳೆದ ತಿದ್ದಿದ ಅಂಕಣವೂ ಇದೆ. ಎರಡನ್ನೂ ಬರೆಸಿ ನೋಡಿ.

ಹೆಜ್ಜೆ 3: ಮರುಕಳಿಸುವ ಕುಸಿತ ಹಿಡಿಯುವುದು

ಪೆಟ್ಟಿಗೆಯಾಕಾರದ ಕುಸಿತ ಹುಡುಕಲು ಬಿಎಲ್ಎಸ್ ಎಂಬ ವಿಧಾನ 2002ರಿಂದ ಬಳಕೆಯಲ್ಲಿದೆ, ಲೈಟ್‌ಕರ್ವ್‌ನೊಳಗೇ ಸಿಗುತ್ತದೆ. ಬೇರೆಬೇರೆ ಅವಧಿಗೆ ದತ್ತಾಂಶವನ್ನು ಮಡಚಿ, ಯಾವ ಅವಧಿಯಲ್ಲಿ ಕುಸಿತಗಳು ಒಂದರ ಮೇಲೊಂದು ಕೂರುತ್ತವೆ ಎಂದು ಅದು ನೋಡುತ್ತದೆ.

ಅದರ ಸಿದ್ಧ ಜೋಡಣೆ ಸೂರ್ಯನಂಥ ನಕ್ಷತ್ರಗಳಿಗಾಗಿ ಇರುವುದು, ಅಲ್ಲಿ ಸಂಕ್ರಮಣ ಗಂಟೆಗಟ್ಟಲೆ ನಡೆಯುತ್ತದೆ. ನೀವು ಕುಸಿತದ ಉದ್ದವನ್ನು 2 ನಿಮಿಷದಿಂದ 20 ನಿಮಿಷದವರೆಗೆ ಕೊಡಿ. ಅವಧಿಯನ್ನು ಎರಡು ಮೂರು ಗಂಟೆಯಿಂದ ಸುಮಾರು 13 ದಿನದವರೆಗೆ ಕೊಡಿ. ಅವಧಿಗಳ ನಡುವಿನ ಅಂತರ ಎಷ್ಟಿರಬೇಕೆಂದು ಈ ಲೆಕ್ಕದಿಂದ ತಿಳಿಯುತ್ತದೆ: 1.4 ದಿನದ ಗ್ರಹ 27 ದಿನದಲ್ಲಿ 19 ಸಲ ಸುತ್ತುತ್ತದೆ. ನೀವು ಪ್ರಯತ್ನಿಸುವ ಅವಧಿ ನಿಜಕ್ಕಿಂತ ಒಂದೇ ಒಂದು ನಿಮಿಷ ತಪ್ಪಿದ್ದರೂ, ಕೊನೆಯ ಸುತ್ತಿನ ಹೊತ್ತಿಗೆ 19 ನಿಮಿಷ ಜಾರಿರುತ್ತದೆ. ಕುಸಿತವೇ ಎಂಟು ನಿಮಿಷದ್ದು. ಮಡಚಿದಾಗ ಅದು ಚದುರಿ ಮಾಯವಾಗುತ್ತದೆ. ಅಂತರ ಸೆಕೆಂಡುಗಳಲ್ಲಿರಬೇಕು. ಹಲವು ಸೆಕ್ಟರ್‌ಗಳನ್ನು ಜೋಡಿಸಿದರೆ ಇನ್ನೂ ಸಣ್ಣದಾಗಬೇಕು. ಕೊಲ್ಯಾಬ್ ಇದಕ್ಕೆ ಸಮಯ ತೆಗೆದುಕೊಳ್ಳುತ್ತದೆ, ತೆಗೆದುಕೊಳ್ಳಲಿ.

ಬಿಎಲ್ಎಸ್ ಕೊಟ್ಟ ಉತ್ತರವನ್ನಷ್ಟೇ ನಂಬಿ ಕೂರಬೇಡಿ. ಅತಿ ಕೆಳಗೆ ಬಿದ್ದ ಹತ್ತಿಪ್ಪತ್ತು ಬಿಂದುಗಳನ್ನು ಹೆಕ್ಕಿ, ಅವುಗಳ ನಡುವಿನ ಕಾಲದ ಅಂತರವನ್ನು ಕೈಯಲ್ಲೇ ಬರೆದು ನೋಡಿ. 20 ಸೆಕೆಂಡಿನ ದತ್ತಾಂಶದಲ್ಲಿ ಎಂಟು ನಿಮಿಷದ ಕುಸಿತ 24 ಬಿಂದುಗಳಾಗಿ ಬರಬೇಕು, 2 ನಿಮಿಷದ್ದರಲ್ಲಿ ನಾಲ್ಕಾಗಿ. ಒಂಟಿ ಬಿಂದುವೊಂದು ಬಿದ್ದಿದ್ದರೆ ಅದಕ್ಕೆ ಮರುಳಾಗಬೇಡಿ.

ಇನ್ನು ‘ಇಲ್ಲ’ ಎಂಬ ಉತ್ತರಕ್ಕೆ ಬೆಲೆ ಬರುವ ಬಗೆ. ನಿಮ್ಮ ದತ್ತಾಂಶದಲ್ಲಿ ಕೃತಕ ಕುಸಿತಗಳನ್ನು ನೀವೇ ಬಿತ್ತಿ. ಅವಧಿ, ಆಳ, ಉದ್ದ ಬದಲಿಸುತ್ತ ಸಾವಿರ ಸಲ ಬಿತ್ತಿ, ನಿಮ್ಮದೇ ವಿಧಾನ ಎಷ್ಟನ್ನು ಹಿಡಿಯುತ್ತದೆ ಎಂದು ಎಣಿಸಿ. ‘ಎರಡು ದಿನಕ್ಕಿಂತ ಕಡಿಮೆ ಅವಧಿಯ, ಅರ್ಧ ಬೆಳಕು ಮುಚ್ಚುವ ಗ್ರಹ ಇದ್ದಿದ್ದರೆ ನೂರಕ್ಕೆ ತೊಂಬತ್ತು ಸಲ ನನಗೆ ಸಿಗುತ್ತಿತ್ತು’ ಎಂದು ಹೇಳುವಂತಾದರೆ ಆ ನಕ್ಷತ್ರವನ್ನು ಪಟ್ಟಿಯಿಂದ ಹೊಡೆದುಹಾಕುವ ಅಧಿಕಾರ ನಿಮಗಿದೆ. ಹೆಚ್ಚಿನವರು ಬೇಸರಪಟ್ಟು ಬಿಡುವ ಹೆಜ್ಜೆ ಇದು. ನನ್ನ ಮಟ್ಟಿಗೆ ಹವ್ಯಾಸಕ್ಕೂ ವಿಜ್ಞಾನಕ್ಕೂ ಇರುವ ಗಡಿ ಇಲ್ಲಿಯೇ.

ಹೆಜ್ಜೆ 4: ಎರಡನೆಯ ಸಾಕ್ಷಿ

ಕ್ಯಾಲಿಫೋರ್ನಿಯಾದ ಪಲೋಮಾರ್‌ನಲ್ಲಿ 48 ಇಂಚಿನ ದೂರದರ್ಶಕವೊಂದು 2018ರಿಂದ ಉತ್ತರದ ಆಕಾಶವನ್ನೆಲ್ಲ ಮತ್ತೆಮತ್ತೆ ಚಿತ್ರಿಸುತ್ತಿದೆ. ಆ ಸಮೀಕ್ಷೆಯ ಹೆಸರು ಝಡ್‌ಟಿಎಫ್. ಒಂದೊಂದು ಚಿತ್ರವೂ 30 ಸೆಕೆಂಡಿನದು, ಕಾಂತಿಮಾನ 20ರವರೆಗೂ ಹಿಡಿಯುತ್ತದೆ, ಮತ್ತು ಅದರ ಪಿಕ್ಸೆಲ್ ಟೆಸ್‌ನದಕ್ಕಿಂತ ಎಷ್ಟೋ ಸಣ್ಣದು. ಟೆಸ್‌ನಲ್ಲಿ ಸಿಕ್ಕಿದ ಅವಧಿಗೆ ಝಡ್‌ಟಿಎಫ್ ಬಿಂದುಗಳನ್ನು ಮಡಚಿ. ಅದೇ ಜಾಗದಲ್ಲಿ ನಾಲ್ಕಾರು ಬಿಂದುಗಳು ಕೆಳಗೆ ಬಿದ್ದಿದ್ದರೆ ಎದೆ ಬಡಿತ ಹೆಚ್ಚಬಹುದು.

ಆದರೆ ಮಡಚುವ ಮೊದಲು ಗಡಿಯಾರ ಸರಿಮಾಡಿ. ಭೂಮಿ ಸೂರ್ಯನಿಗಿಂತ ನಕ್ಷತ್ರಕ್ಕೆ ಹತ್ತಿರದ ಬದಿಯಲ್ಲಿರುವಾಗ ಅದರ ಬೆಳಕು ನಮ್ಮನ್ನು ಬೇಗ ಮುಟ್ಟುತ್ತದೆ, ಆಚೆ ಬದಿಯಲ್ಲಿರುವಾಗ ತಡವಾಗಿ. ಈ ವ್ಯತ್ಯಾಸ ಎರಡೂ ಕಡೆಗೆ 8.3 ನಿಮಿಷದವರೆಗೆ ಹೋಗಬಹುದು, ಅಂದರೆ ಇಡೀ ಸಂಕ್ರಮಣದಷ್ಟು. ಟೆಸ್ ತನ್ನ ಸಮಯವನ್ನು ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ತಿದ್ದಿಯೇ ಕೊಡುತ್ತದೆ, ಜೂಲಿಯನ್ ದಿನದ ಎಣಿಕೆಯಿಂದ 2457000 ದಿನ ಕಳೆದಿರುತ್ತದೆ ಅಷ್ಟೆ. ಬೇರೆ ಕಡೆಯ ದತ್ತಾಂಶವನ್ನು ಆಸ್ಟ್ರೋಪೈ ಪೊಟ್ಟಣದ ಸಹಾಯದಿಂದ ಅದೇ ಗಡಿಯಾರಕ್ಕೆ ತನ್ನಿ. ವಿಶ್ವ ಸಮಯಕ್ಕೂ ಟೆಸ್ ಬಳಸುವ ಸಮಯಕ್ಕೂ ಇನ್ನೂ 69 ಸೆಕೆಂಡಿನ ಅಂತರವಿದೆ, ಅದನ್ನೂ ಬಿಡಬೇಡಿ.

ಹೆಜ್ಜೆ 5: ಅನುಮಾನ

ಈಗ ಕೈಯಲ್ಲಿ ಒಂದು ಅಭ್ಯರ್ಥಿ ಇದೆ ಎಂದುಕೊಳ್ಳಿ. ಅದು ಗ್ರಹವಲ್ಲ ಎಂದು ಸಾಧಿಸಲು ಆದಷ್ಟು ಪ್ರಯತ್ನಿಸಿ.

ಅತಿ ಸಾಮಾನ್ಯ ವೇಷಧಾರಿ ಕೆಂಪು ಕುಬ್ಜ. ಶ್ವೇತಕುಬ್ಜದ ಸುತ್ತ ಪುಟ್ಟ ಕೆಂಪು ನಕ್ಷತ್ರ ಸುತ್ತುತ್ತಿದ್ದರೂ ಬೆಳಕು ಆಳವಾಗಿ ಕುಸಿಯಬಹುದು. ಆದರೆ ಬಿಸಿ ಶ್ವೇತಕುಬ್ಜ ಅದರ ಒಂದು ಮುಖವನ್ನು ಕಾಯಿಸುವುದರಿಂದ ಕುಸಿತಗಳ ನಡುವೆಯೂ ಬೆಳಕು ನಿಧಾನಕ್ಕೆ ಏರಿಳಿಯುತ್ತದೆ. ಅವಕೆಂಪು ಅಳತೆಯಲ್ಲಿ ಹೆಚ್ಚುವರಿ ಬೆಳಕೂ ಇರುತ್ತದೆ. ಇದನ್ನು ವೈಸ್ ಉಪಗ್ರಹದ ಪಟ್ಟಿಯಲ್ಲಿ ನೋಡಬಹುದು.

ತೂಕದಲ್ಲಿ ಗ್ರಹಕ್ಕೂ ನಕ್ಷತ್ರಕ್ಕೂ ನಡುವೆ ಇರುವ ಕಂದು ಕುಬ್ಜ ಇನ್ನೂ ಚಾಣಾಕ್ಷ. ಗುರುವಿನ ತೂಕದ ಕಾಯವೂ ಅದರ 60 ಪಟ್ಟು ತೂಕದ ಕಂದು ಕುಬ್ಜವೂ ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ. ಕುಸಿತದ ಆಳದಿಂದ ಇವನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಡಬ್ಲ್ಯುಡಿ 1856ರಲ್ಲಿ ಮಾಡಿದ್ದು ಹೀಗೆ: ಕಣ್ಣಿಗೆ ಕಾಣುವ ಬೆಳಕಿನಲ್ಲೂ ಸ್ಪಿಟ್ಝರ್ ದೂರದರ್ಶಕದ 4.5 ಮೈಕ್ರಾನ್ ಅವಕೆಂಪಿನಲ್ಲೂ ಸಂಕ್ರಮಣ ಅಳೆದರು. ಎರಡರಲ್ಲೂ ಆಳ ಒಂದೇ ಬಂತು. ಮುಚ್ಚುವ ಕಾಯ ತಾನೇ ಬೆಚ್ಚಗೆ ಹೊಳೆಯುತ್ತಿದ್ದರೆ ಅವಕೆಂಪಿನಲ್ಲಿ ಆಳ ಕಡಿಮೆಯಾಗಬೇಕಿತ್ತು. ಆಗಲಿಲ್ಲ, ಆದ್ದರಿಂದ ತೂಕ ಗುರುವಿನ ಸುಮಾರು 14 ಪಟ್ಟಿಗಿಂತ ಕಡಿಮೆ ಎಂದು ಮಿತಿ ಹಾಕಿದರು. 2025ರಲ್ಲಿ ಪ್ರಕಟವಾದ, ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಅಳತೆ ಅದನ್ನು ಸುಮಾರು 5 ಪಟ್ಟಿಗೆ ಇಳಿಸಿತು. ಗ್ರಹದ ಸ್ವಂತ ಬೆಳಕೇ ಸಿಕ್ಕಿತು, ತಾಪ 186 ಕೆಲ್ವಿನ್, ಅಂದರೆ ಸೊನ್ನೆಗಿಂತ 87 ಡಿಗ್ರಿ ಸೆಲ್ಸಿಯಸ್ ಕೆಳಗೆ. ನೀವೂ ಕನಿಷ್ಠ ಎರಡು ಬಣ್ಣಗಳಲ್ಲಿ ಆಳ ಹೋಲಿಸಿ, ಝಡ್‌ಟಿಎಫ್‌ನ ಹಸಿರು, ಕೆಂಪು ಸೋಸುಕಗಳು ಅದಕ್ಕೆ ಒದಗುತ್ತವೆ.

ಕುಸಿತದ ಆಕಾರ ದಿನದಿಂದ ದಿನಕ್ಕೆ ಬದಲಾಗುತ್ತಿದ್ದರೆ ಅದು ಚೂರಾಗುತ್ತಿರುವ ಕ್ಷುದ್ರಗ್ರಹದ ಧೂಳಿರಬಹುದು. 2015ರಲ್ಲಿ ಪ್ರಕಟವಾದ ಡಬ್ಲ್ಯುಡಿ 1145+017 ಇದಕ್ಕೆ ಮಾದರಿ, ಅವಧಿ ನಾಲ್ಕೂವರೆ ಗಂಟೆ. ಕೆಲವು ಶ್ವೇತಕುಬ್ಜಗಳು ತಾವೇ ಮಿಡಿಯುತ್ತವೆ, ಅವುಗಳ ಏರಿಳಿತ ನಿಮಿಷಗಳ ಲೆಕ್ಕದ್ದು, ಅಲೆಯಂತಿರುತ್ತದೆ. ಸಮ, ಬೆಸ ಸಂಖ್ಯೆಯ ಕುಸಿತಗಳನ್ನು ಬೇರೆ ಮಾಡಿ ಆಳ ಹೋಲಿಸಿ: ವ್ಯತ್ಯಾಸ ಇದ್ದರೆ ಅದು ಎರಡು ನಕ್ಷತ್ರಗಳ ಜೋಡಿ, ಅವಧಿ ನೀವಂದುಕೊಂಡದ್ದರ ಇಮ್ಮಡಿ.

ಅನುಮಾನ ಅತಿಯಾಯಿತು ಎನಿಸಿದರೆ ಇವನ್ನು ನೆನೆಯಿರಿ. ಜಿಡಿ 66 ಎಂಬ ಮಿಡಿಯುವ ಶ್ವೇತಕುಬ್ಜದ ಸುತ್ತ ಗ್ರಹವಿರಬಹುದೆಂದು 2008ರಲ್ಲಿ ಹೇಳಿದ್ದು ಮುಂದಿನ ಅಳತೆಗಳಲ್ಲಿ ನಿಲ್ಲಲಿಲ್ಲ. ಗಾಯಾ ತಂಡ 2022ರಲ್ಲಿ ಡಬ್ಲ್ಯುಡಿ 0141-675ರ ಸುತ್ತ ದೈತ್ಯ ಗ್ರಹದ ಸುಳಿವು ಕೊಟ್ಟು, ತಂತ್ರಾಂಶದ ದೋಷ ಕಂಡ ಮೇಲೆ 2023ರಲ್ಲಿ ಹಿಂತೆಗೆದುಕೊಂಡಿತು. ಬಹಿರಂಗವಾಗಿ ಹಿಂತೆಗೆದುಕೊಂಡ ಆ ನಡೆಯ ಬಗ್ಗೆ ನನಗೆ ಗೌರವವಿದೆ.

ಹೆಜ್ಜೆ 6: ಗುಡ್ಡೆಯ ಮೇಲೆ ದೂರದರ್ಶಕ

ಜವಾದಿ ಬೆಟ್ಟಗಳಲ್ಲಿರುವ ಕಾವಲೂರು ವೀಕ್ಷಣಾಲಯ ತಮಿಳುನಾಡಿನಲ್ಲಿದ್ದರೂ ಹೆಚ್ಚುಕಡಿಮೆ ನಮ್ಮದೇ ಅಕ್ಷಾಂಶದಲ್ಲಿದೆ. ನಮ್ಮದು 12.5 ಡಿಗ್ರಿ, ಅವರದು ಅದಕ್ಕಿಂತ ಕೂದಲೆಳೆ ಹೆಚ್ಚು. ಅವರಿಗೆ ಏರುವ ನಕ್ಷತ್ರಗಳೇ ನಮಗೂ ಏರುತ್ತವೆ. 1977ರ ಮಾರ್ಚ್ 10ರಂದು ಯುರೇನಸ್‌ನ ಹಿಂದೆ ಸರಿಯುತ್ತಿದ್ದ ನಕ್ಷತ್ರವೊಂದರ ಬೆಳಕು ಕ್ಷಣಕಾಲ ಕುಗ್ಗಿದ್ದನ್ನು ಅಲ್ಲಿಯೂ ದಾಖಲಿಸಿದ್ದರು, ಆ ಗ್ರಹಕ್ಕೆ ಉಂಗುರಗಳಿವೆ ಎಂದು ತಿಳಿದದ್ದು ಅಂಥ ಕುಸಿತಗಳಿಂದಲೇ. ನಾವು ಮಾಡಹೊರಟಿರುವುದೂ ಅದೇ ಕಸುಬು.

ಜಾಗ: ಕರಾವಳಿಯ ಹೆದ್ದಾರಿಯಿಂದ ಒಳಕ್ಕೆ ಬನ್ನಿ. ಪೊಸಡಿ ಗುಂಪೆಯಂಥ ಗುಡ್ಡೆ, ಮುರಕಲ್ಲಿನ ಪದವು, ಎತ್ತರದ ಅಂಗಳ, ಯಾವುದಾದರೂ ಆದೀತು. ಪಶ್ಚಿಮಕ್ಕೆ ಕಡಲು ಮತ್ತು ಪೇಟೆಗಳ ಬೆಳಕು, ಉತ್ತರಕ್ಕೆ ಮಂಗಳೂರಿನ ಬೆಳಕು ಇರುತ್ತದೆ. ಡಬ್ಲ್ಯುಡಿ 1856 ಉತ್ತರ ದಿಕ್ಕಿನಲ್ಲೇ, ಅತಿ ಹೆಚ್ಚೆಂದರೆ 49 ಡಿಗ್ರಿ ಏರುವುದರಿಂದ ಉತ್ತರದ ಬಾನು ಕಪ್ಪಾಗಿರುವ ಜಾಗ ಆರಿಸಿ. ಹಗಲಿನ ಬಿಸಿಲು ಕುಡಿದ ಮುರಕಲ್ಲು ಮುಸ್ಸಂಜೆಯಲ್ಲಿ ಶಾಖ ಬಿಡುತ್ತಿರುವಾಗ ನಕ್ಷತ್ರ ನಡುಗುತ್ತದೆ. ಬಂಡೆ ತಣಿಯುವವರೆಗೆ ಕಾಯಿರಿ. ಖಾಸಗಿ ಜಾಗವಾದರೆ ಕೇಳಿಯೇ ಹೋಗಿ, ಮೂರ್ನಾಲ್ಕು ಮಂದಿ ಒಟ್ಟಿಗೆ ಹೋಗಿ.

ಸಾಧನ: 10ರಿಂದ 12 ಇಂಚಿನ ಕನ್ನಡಿ, ಕಪ್ಪು-ಬಿಳುಪು ಸಿಮಾಸ್ ಕ್ಯಾಮೆರಾ, ನಕ್ಷತ್ರದ ಜೊತೆ ತಿರುಗುವ ಗಟ್ಟಿ ಮೌಂಟ್. ಆಕಾಶ ಚೆನ್ನಾಗಿ ಕಪ್ಪಿದ್ದರೆ 8 ಇಂಚಿನದ್ದರಲ್ಲೂ ಪ್ರಯತ್ನಿಸಬಹುದು. ಸೋಸುಕ ಹಾಕದೆ 30ರಿಂದ 60 ಸೆಕೆಂಡಿನ ಚಿತ್ರಗಳನ್ನು ಒಂದರ ಹಿಂದೊಂದು ತೆಗೆಯಿರಿ. ಎರಡು ನಿಮಿಷದ ಚಿತ್ರ ತೆಗೆದರೆ ಕುಸಿತದ ಆಕಾರ ಕೈತಪ್ಪುತ್ತದೆ.

ನಮ್ಮ ಅಕ್ಷಾಂಶದ ಒಂದು ತೊಡಕನ್ನು ವಿದೇಶಿ ಕೈಪಿಡಿಗಳು ಹೇಳುವುದಿಲ್ಲ. ಧ್ರುವ ನಕ್ಷತ್ರ ಇಲ್ಲಿ ದಿಗಂತದಿಂದ ಹನ್ನೆರಡು ಹದಿಮೂರು ಡಿಗ್ರಿಯಷ್ಟೇ ಮೇಲಿರುತ್ತದೆ, ಹೆಚ್ಚಿನ ಮನೆಗಳಲ್ಲಿ ಕಂಗಿನ ತೋಟದ ಹಿಂದೆ ಮರೆ. ಅದನ್ನು ನೋಡಿ ಮೌಂಟ್ ಜೋಡಿಸುವುದಾಗದು. ಚಿತ್ರದಲ್ಲಿರುವ ನಕ್ಷತ್ರಗಳನ್ನು ಗುರುತಿಸಿ ಮೌಂಟನ್ನು ಸರಿಹೊಂದಿಸುವ ತಂತ್ರಾಂಶಗಳಿವೆ, ಅವನ್ನು ಕಲಿಯಿರಿ. ಮೌಂಟ್ ಕೊಳ್ಳುವ ಮೊದಲು ಅದು 12 ಡಿಗ್ರಿಯವರೆಗೆ ಬಾಗುತ್ತದೆಯೇ ಎಂದು ಕೇಳಿ, ಎಲ್ಲವೂ ಬಾಗುವುದಿಲ್ಲ.

ಇಬ್ಬನಿಗೆ ಬೆಚ್ಚನೆಯ ಪಟ್ಟಿ ಬೇಕೇಬೇಕು. ಮಳೆಗಾಲದಲ್ಲಿ ಗಾಜಿನ ಮೇಲೆ ಶಿಲೀಂಧ್ರ ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಪೆಟ್ಟಿಗೆಯಲ್ಲಿಡಿ, ಜೆಲ್ ಬಣ್ಣ ಬದಲಾದಂತೆ ಬಿಸಿಮಾಡಿ ಒಣಗಿಸಿ. ಲ್ಯಾಪ್‌ಟಾಪ್‌ನ ಗಡಿಯಾರವನ್ನು ಹೊರಡುವ ಮೊದಲು ಇಂಟರ್ನೆಟ್ ಸಮಯಕ್ಕೆ ಹೊಂದಿಸಿ.

ಅಭ್ಯಾಸಕ್ಕೆ ಎನ್‌ಎನ್ ಸರ್ಪೆಂಟಿಸ್‌ಗಿಂತ ಒಳ್ಳೆಯ ಗುರಿ ನಮಗಿಲ್ಲ. ಶ್ವೇತಕುಬ್ಜವೂ ಕೆಂಪು ಕುಬ್ಜವೂ 3 ಗಂಟೆ 7 ನಿಮಿಷಕ್ಕೊಮ್ಮೆ ಸುತ್ತುವ ಜೋಡಿ ಅದು. ಕಾಂತಿಮಾನ ಸುಮಾರು 16.6, ಗ್ರಹಣದ ಹೊತ್ತಿಗೆ ಹತ್ತು ನಿಮಿಷದ ಮಟ್ಟಿಗೆ ನಮ್ಮ ಚಿತ್ರದಿಂದಲೇ ಮಾಯವಾಗುತ್ತದೆ. ಅದರ ಕ್ರಾಂತಿ, ಅಂದರೆ ಆಕಾಶದಲ್ಲಿನ ಅಕ್ಷಾಂಶ, 12.9 ಡಿಗ್ರಿ ಆದ್ದರಿಂದ ಕಾಸರಗೋಡಿನಲ್ಲಿ ಅದು ನಡುನೆತ್ತಿಯ ಮೇಲೇ ಹಾಯುತ್ತದೆ, ಏಪ್ರಿಲ್ ಕೊನೆಯಲ್ಲಿ ರಾತ್ರಿ ಎರಡರ ಸುಮಾರಿಗೆ. ನಕ್ಷತ್ರ ನೆತ್ತಿ ದಾಟುವಾಗ ಮೌಂಟ್ ಮಗುಚಬೇಕಾದ ಕ್ಷಣ ಗ್ರಹಣದ ಹೊತ್ತಿಗೆ ಬೀಳದಂತೆ ಲೆಕ್ಕಹಾಕಿಡಿ.

ಅದು ಕೈವಶವಾದ ಮೇಲೆ ಡಬ್ಲ್ಯುಡಿ 1856. ಮಾರ್ಚ್‌ನಿಂದ ಮೇವರೆಗೆ ನಸುಕಿನಲ್ಲಿ, ದೀಪಾವಳಿಯ ಆಸುಪಾಸು ಸಂಜೆಗತ್ತಲಲ್ಲಿ ಸಿಗುತ್ತದೆ. ಅವಧಿ 1.40794 ದಿನ. ಐದು ಸುತ್ತಿಗೆ 7 ದಿನ 57 ನಿಮಿಷ. ಹೀಗಾಗಿ ಒಂದು ಶನಿವಾರ ನಸುಕಿನ 3ಕ್ಕೆ ಸಂಕ್ರಮಣ ಸಿಕ್ಕಿದರೆ ಮುಂದಿನ ಶನಿವಾರ 3 ಗಂಟೆ 57 ನಿಮಿಷಕ್ಕೆ ಮತ್ತೆ ಸಿಗುತ್ತದೆ. ಒಂದು ಗಂಟೆ ಮೊದಲೇ ಶುರುಮಾಡಿ, ಮುಗಿದ ಮೇಲೆ ಇನ್ನೊಂದು ಗಂಟೆ ನಿಲ್ಲಿ. ಅಳೆಯಲು ಆಸ್ಟ್ರೋಇಮೇಜ್‌ಜೆ ಎಂಬ ಉಚಿತ ತಂತ್ರಾಂಶ ಇದೆ. ಹೋಲಿಕೆಗೆ ಅದೇ ಚಿತ್ರದಲ್ಲಿರುವ, ಸ್ಥಿರವಾದ, ಆದಷ್ಟು ಅದೇ ಬಣ್ಣದ ಐದಾರು ನಕ್ಷತ್ರಗಳನ್ನು ಆರಿಸಿ. ತೆಳು ಮೋಡ ಹಾದರೆ ಎಲ್ಲ ನಕ್ಷತ್ರಗಳೂ ಒಟ್ಟಿಗೆ ಮಂಕಾಗುತ್ತವೆ, ಗ್ರಹ ಹಾದರೆ ಅದೊಂದೇ.

ಹೆಜ್ಜೆ 7: ಸಂಕ್ರಮಣ ಕಾಣದ ಗ್ರಹಗಳು

ದೂರದ ದೈತ್ಯಗಳಿಗೆ ದೊಡ್ಡ ಯಂತ್ರಗಳೇ ಬೇಕು, ಆದರೂ ಆ ದಾರಿಗಳು ಗೊತ್ತಿರಲಿ. ಶ್ವೇತಕುಬ್ಜದ ಬೆಳಕು ಅವಕೆಂಪಿನಲ್ಲಿ ಕ್ಷೀಣವಾಗಿರುವುದರಿಂದ ಗ್ರಹದ ತಣ್ಣನೆಯ ಬೆಳಕು ಅಲ್ಲಿ ಹೆಚ್ಚುವರಿಯಾಗಿ ಎದ್ದುಕಾಣಬಹುದು. 2024ರಲ್ಲಿ ಜೇಮ್ಸ್ ವೆಬ್ ಎರಡು ಶ್ವೇತಕುಬ್ಜಗಳ ಪಕ್ಕ ದೈತ್ಯ ಗ್ರಹದ ಅಭ್ಯರ್ಥಿಗಳನ್ನು ನೇರವಾಗಿ ಚಿತ್ರಿಸಿತು. 2021ರಲ್ಲಿ ಪ್ರಕಟವಾದ ಇನ್ನೊಂದು ಗ್ರಹ, ಗುರುವಿನ ಸುಮಾರು ಒಂದೂವರೆ ಪಟ್ಟು ತೂಕದ್ದು, ಗುರುತ್ವ ಮಸೂರದಿಂದ, ಅಂದರೆ ಅದರ ಗುರುತ್ವ ಹಿಂದಿನ ನಕ್ಷತ್ರದ ಬೆಳಕನ್ನು ಬಾಗಿಸಿದ್ದರಿಂದ, ಸಿಕ್ಕಿತು. 2019ರಲ್ಲಿ ಡಬ್ಲ್ಯುಡಿ ಜೆ0914+1914ರ ರೋಹಿತದಲ್ಲಿ ಜಲಜನಕ, ಆಮ್ಲಜನಕ, ಗಂಧಕ ಕಂಡಾಗ, ಹಿಮದೈತ್ಯವೊಂದರ ವಾಯುಮಂಡಲ ಆವಿಯಾಗಿ ನಕ್ಷತ್ರಕ್ಕೆ ಸುರಿಯುತ್ತಿದೆ ಎಂಬ ನಿರ್ಣಯಕ್ಕೆ ಬಂದರು. ಆ ಸುಳಿವು ಮೊದಲು ಸಿಕ್ಕಿದ್ದು ಯಾರೂ ಓದಬಹುದಾದ ಸ್ಲೋನ್ ಸಮೀಕ್ಷೆಯ ರೋಹಿತಗಳ ರಾಶಿಯಲ್ಲಿ. ಮಳೆಗಾಲದ ಇನ್ನೊಂದು ಕೆಲಸವಾಗಿ ಆ ರಾಶಿಯನ್ನು ಯಾರಾದರೂ ಎತ್ತಿಕೊಳ್ಳಲಿ ಎಂಬುದು ನನ್ನ ಆಸೆ.

ಹೆಜ್ಜೆ 8: ಯಾರಿಗೆ, ಹೇಗೆ ತಿಳಿಸುವುದು

ಅಮೆರಿಕದ ಚರ ನಕ್ಷತ್ರ ವೀಕ್ಷಕರ ಸಂಘ ನಡೆಸುವ ವಿಎಸ್‌ಎಕ್ಸ್ ಪಟ್ಟಿಯಲ್ಲಿ ಆ ನಕ್ಷತ್ರ ಆಗಲೇ ಇದೆಯೇ ಎಂದು ಮೊದಲು ನೋಡಿ. ಅರ್ಧಕ್ಕರ್ಧ ಅಭ್ಯರ್ಥಿಗಳ ಕಥೆ ಅಲ್ಲಿಯೇ ಮುಗಿದರೆ ಆಶ್ಚರ್ಯಪಡಬೇಡಿ. ಇಲ್ಲದಿದ್ದರೆ ಎರಡು ಪುಟದ ಟಿಪ್ಪಣಿ ಸಿದ್ಧಮಾಡಿ: ಟಿಐಸಿ ಮತ್ತು ಗಾಯಾ ಸಂಖ್ಯೆ, ಅವಧಿ, ಒಂದು ಸಂಕ್ರಮಣದ ನಡುಬಿಂದುವಿನ ಸಮಯ, ಆಳ, ಉದ್ದ, ಪ್ರತಿಯೊಂದಕ್ಕೂ ಎಷ್ಟು ತಪ್ಪಿರಬಹುದೆಂಬ ಅಂದಾಜು. ಟೆಸ್ ಮತ್ತು ಝಡ್‌ಟಿಎಫ್ ಎರಡರ ಮಡಚಿದ ಗ್ರಾಫ್‌ಗಳು. ಐದನೆಯ ಹೆಜ್ಜೆಯ ಪ್ರತಿಯೊಂದು ಪರೀಕ್ಷೆಯ ಫಲಿತಾಂಶ, ಗ್ರಹದ ವಿರುದ್ಧ ಹೋದವೂ ಸೇರಿ. ನಿಮ್ಮ ಕೊಲ್ಯಾಬ್ ಪುಟದ ಕೊಂಡಿ.

ಇದನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲೋ ಪುಣೆಯ ಅಯುಕಾ ಎಂಬ ಖಗೋಳ ಸಂಶೋಧನಾ ಕೇಂದ್ರದಲ್ಲೋ ಈ ವಿಷಯದಲ್ಲಿ ಕೆಲಸ ಮಾಡುವವರಿಗೆ ಕಳುಹಿಸಿ. ಕಾವಲೂರಿನ 2.34 ಮೀಟರ್ ವೈನು ಬಾಪ್ಪು ದೂರದರ್ಶಕ, ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ ಎರಡನ್ನೂ ನಡೆಸುವುದು ಮೊದಲನೆಯ ಸಂಸ್ಥೆಯೇ. ಪತ್ರದಲ್ಲಿ ‘ಗ್ರಹ ಕಂಡುಹಿಡಿದಿದ್ದೇನೆ’ ಎಂದು ಬರೆಯಬೇಡಿ. ‘ಈ ಶ್ವೇತಕುಬ್ಜದಲ್ಲಿ ಇಷ್ಟು ಅವಧಿಗೊಮ್ಮೆ ಇಷ್ಟು ಆಳದ ಕುಸಿತವಿದೆ, ಮುಂದಿನವು ಈ ದಿನಾಂಕಗಳಲ್ಲಿ ಇಷ್ಟು ಗಂಟೆಗೆ ಬರಬೇಕು’ ಎಂದು ಬರೆದು, ಅವರ ಬಾನಿನಲ್ಲಿ ರಾತ್ರಿ ಕಾಣಸಿಗುವ ಆರೇಳು ಸಂಕ್ರಮಣಗಳ ಸಮಯವನ್ನು ಭಾರತೀಯ ಕಾಲಮಾನದಲ್ಲಿ ಪಟ್ಟಿಮಾಡಿ ಕೊಡಿ.